ಜಲಚರಗಳ ಹಿಂಸೆಯೂ ನಮ್ಮ ಹೊಣೆಯೂ: ‘ಸೈಲೆಂಟ್ ಸ್ಪ್ರಿಂಗ್’ ಕೃತಿಯ ಎರಡು ಅಧ್ಯಾಯಗಳನ್ನು ಕುರಿತು

ನೀರನ್ನು ಸೋಸಿ ಕುಡಿಯಬೇಕೆಂಬುದು ನಮ್ಮ ಮನೆಗಳಲ್ಲಿ ಮಕ್ಕಳು ಎಳವೆಯಲ್ಲಿಯೇ ಕಲಿಯುವ ಪಾಠ. ಆದರೆ ಎರಡು ಮಡಿಕೆಯ ಶುಭ್ರವಾದ ಬಟ್ಟೆಯಲ್ಲಿ ನೀರನ್ನು ಸೋಸುವುದು ಈ ಆಚಾರದ ಅರ್ಧಭಾಗ ಮಾತ್ರ. ಬಟ್ಟೆಯಲ್ಲಿ ಉಳಿದ ಸೂಕ್ಷ್ಮಜೀವಿಗಳ ಮೇಲೆ ಸೋಸಿದ ನೀರನ್ನು ಮೆಲ್ಲನೆ ಎರೆದು, ಅವುಗಳನ್ನು ನೀರು ತಂದ ಬಾವಿಗೋ ಕೆರೆಗೋ ಮರಳಿ ಸೇರಿಸುವುದು ಉಳಿದ ಅರ್ಧ. ನಲ್ಲಿಯ ನೀರು ಮನೆಗೆ ಬಂದ ಮೇಲೆ ಈ ಎರಡನೆಯ ಅರ್ಧವು ಬಹುಮಟ್ಟಿಗೆ ಮರೆತುಹೋಗಿದೆ. ನಾವು ಕುಡಿಯುವ ನೀರಿನ ಬಗ್ಗೆ ಎಚ್ಚರವಿದೆ. ನಾವು ಹೊರಬಿಡುವ ನೀರಿನ ಬಗ್ಗೆ ಅಂತಹ ಎಚ್ಚರವಿಲ್ಲ. ರೇಚಲ್ ಕಾರ್ಸನ್ ಅವರ ‘ಸೈಲೆಂಟ್ ಸ್ಪ್ರಿಂಗ್’ ಎಂಬ ಇಂಗ್ಲಿಷ್ ಕೃತಿಯನ್ನು ಮತ್ತೊಮ್ಮೆ ಓದಿದಾಗ ಮನಸ್ಸನ್ನು ಚುಚ್ಚಿದ ವಿಚಾರವಿದು. ಈ ದೃಷ್ಟಿಯಿಂದಲೇ ಆ ಕೃತಿಯ ಜಲಸಂಬಂಧಿಯಾದ ಎರಡು ಅಧ್ಯಾಯಗಳನ್ನು ಇಲ್ಲಿ ವಿವೇಚಿಸಲಾಗಿದೆ.

1962ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಈ ಕೃತಿಯ ಹೆಸರಿಗೆ ‘ಮೌನ ವಸಂತ’ ಎಂದು ಅರ್ಥ. ಲೇಖಕಿ ಜಲಜೀವಿಗಳ ಶಾಸ್ತ್ರವನ್ನು ಅಭ್ಯಾಸ ಮಾಡಿದವರು. 1952ರವರೆಗೆ ಅಮೆರಿಕ ಸರ್ಕಾರದ ಮೀನು ಮತ್ತು ವನ್ಯಜೀವಿ ಇಲಾಖೆಯಲ್ಲಿ ಸೇವೆಯಲ್ಲಿದ್ದವರು. ಕೃತಿಯು ಹೊರಬಂದ ಎರಡೇ ವರ್ಷಗಳಲ್ಲಿ, 1964ರಲ್ಲಿ, ಅವರು ಕ್ಯಾನ್ಸರ್ ರೋಗದಿಂದ ತೀರಿಕೊಂಡರು. ಕೃತಿಯನ್ನು ಅವರು ಆಲ್ಬರ್ಟ್ ಶ್ವೈಟ್ಸರ್ ಅವರಿಗೆ ಅರ್ಪಿಸಿದ್ದಾರೆ. ಜೀವದ ಬಗೆಗಿನ ಪೂಜ್ಯಭಾವವನ್ನೇ ತಮ್ಮ ತತ್ತ್ವವನ್ನಾಗಿಸಿಕೊಂಡು, ಭಾರತೀಯ ಚಿಂತನೆಯನ್ನು ಕುರಿತ ಗ್ರಂಥದಲ್ಲಿ ಜೈನರ ಅಹಿಂಸಾಧರ್ಮವನ್ನು ಮುಕ್ತವಾಗಿ ಮೆಚ್ಚಿದ ಮಹನೀಯರು ಅವರು. ಆದ್ದರಿಂದ ಈ ಕೃತಿಯು ನಮಗೆ ತೀರ ಹೊರಗಿನದೆಂದು ಭಾವಿಸಬೇಕಾಗಿಲ್ಲ.

ಕೃತಿಯ ನಾಲ್ಕನೆಯ ಅಧ್ಯಾಯದಲ್ಲಿ ಕ್ಯಾಲಿಫೋರ್ನಿಯಾದ ಕ್ಲಿಯರ್ ಲೇಕ್ ಎಂಬ ಸರೋವರದ ವೃತ್ತಾಂತವಿದೆ. ಸರೋವರದ ಮೇಲೆ ಸೊಳ್ಳೆಯನ್ನು ಹೋಲುವ ಒಂದು ಪುಟ್ಟ ಕೀಟವು ಅಪಾರ ಸಂಖ್ಯೆಯಲ್ಲಿ ಹಾರಾಡುತ್ತಿತ್ತು. ಅದು ಕಚ್ಚುವ ಕೀಟವಲ್ಲ, ರಕ್ತ ಹೀರುವುದೂ ಇಲ್ಲ. ದಡದ ನಿವಾಸಿಗಳಿಗೂ ವಿಹಾರಕ್ಕೆ ಬರುವವರಿಗೂ ಅದರಿಂದ ಕಿರಿಕಿರಿಯಾಗುತ್ತಿತ್ತು, ಅಷ್ಟೆ. ಅದನ್ನು ತೊಡೆದುಹಾಕಲು 1949ರಲ್ಲಿ ಡಿಡಿಡಿ ಎಂಬ ಕೀಟನಾಶಕವನ್ನು ನೀರಿಗೆ ಸೇರಿಸಿದರು. ಇದು ಡಿಡಿಟಿಯ ಹತ್ತಿರದ ಸಂಬಂಧಿ. ಮೀನುಗಳಿಗೆ ಅಪಾಯ ಕಡಿಮೆಯೆಂದು ತಿಳಿದೇ ಇದನ್ನು ಆರಿಸಲಾಗಿತ್ತು. ಪ್ರಮಾಣವೂ ಅತ್ಯಲ್ಪ: 7 ಕೋಟಿ ಭಾಗ ನೀರಿಗೆ 1 ಭಾಗ ವಿಷ. ಕೀಟವು ಮರಳಿ ಬಂದಾಗ 1954ರಲ್ಲಿ 5 ಕೋಟಿ ಭಾಗಕ್ಕೆ 1ರಂತೆ ಮತ್ತೆ ಸೇರಿಸಿದರು. 1957ರಲ್ಲಿ ಮೂರನೆಯ ಬಾರಿ.

1954ರ ಚಳಿಗಾಲದಲ್ಲಿ ನೂರಕ್ಕೂ ಹೆಚ್ಚು ಗ್ರೀಬ್ ಪಕ್ಷಿಗಳು ಸತ್ತವು. ನಮ್ಮ ಕೆರೆಗಳ ಗುಳುಮುಳುಕ ಹಕ್ಕಿಯ ಬಳಗಕ್ಕೆ ಸೇರಿದ, ಮೀನು ತಿಂದು ಬದುಕುವ ನೀರುಹಕ್ಕಿ ಇದು. ಸಾಂಕ್ರಾಮಿಕ ರೋಗವಿರಬಹುದೆಂದು ಹುಡುಕಿದರೂ ಅಂತಹುದು ಕಾಣಲಿಲ್ಲ. 1957ರ ನಂತರ ಮತ್ತೆ ಹಕ್ಕಿಗಳು ಸತ್ತಾಗ ಅವುಗಳ ಕೊಬ್ಬನ್ನು ಪರೀಕ್ಷಿಸಿದರು. ಅದರಲ್ಲಿ ಹತ್ತು ಲಕ್ಷಕ್ಕೆ 1,600 ಭಾಗ ಡಿಡಿಡಿ ಇತ್ತು. ನೀರಿನಲ್ಲಿ ತೇಲುವ ಸೂಕ್ಷ್ಮಜೀವಿಗಳಲ್ಲಿ ಸುಮಾರು 5 ಭಾಗ, ಸಸ್ಯಾಹಾರಿ ಮೀನುಗಳಲ್ಲಿ 40ರಿಂದ 300 ಭಾಗ, ಮೀನು ತಿನ್ನುವ ಮೀನೊಂದರಲ್ಲಿ 2,500 ಭಾಗ. ಆದರೆ ವಿಷ ಸೇರಿಸಿದ ಸ್ವಲ್ಪ ಕಾಲದಲ್ಲಿಯೇ ಸರೋವರದ ನೀರಿನಲ್ಲಿ ಅದರ ಕುರುಹೇ ಇರಲಿಲ್ಲ! ವಿಷವು ನೀರನ್ನು ಬಿಟ್ಟು ಜೀವಗಳ ಶರೀರಗಳನ್ನು ಹೊಕ್ಕಿತ್ತು. ಸಾವಿರಕ್ಕೂ ಹೆಚ್ಚು ಜೋಡಿಗಳಿದ್ದ ಆ ಹಕ್ಕಿಗಳು 1960ರ ವೇಳೆಗೆ ಸುಮಾರು 30 ಜೋಡಿಗಳಿಗೆ ಇಳಿದವು. ಅವೂ ಗೂಡು ಕಟ್ಟಿದವೇ ಹೊರತು ಮರಿಗಳು ಕಾಣಿಸಲಿಲ್ಲ. ಯಾವ ಕೀಟಕ್ಕಾಗಿ ಇಷ್ಟೆಲ್ಲ ನಡೆಯಿತೋ ಅದು ಮಾತ್ರ ಮತ್ತೆ ಮತ್ತೆ ಮರಳಿತು.

ಈ ವೃತ್ತಾಂತದ ನಿರೂಪಣೆಯಲ್ಲಿ ಲೇಖಕಿಯ ಶಕ್ತಿ ಎದ್ದು ಕಾಣುತ್ತದೆ. ಅವರು ಆಕ್ರೋಶದ ಮಾತುಗಳನ್ನು ಆಡುವುದಿಲ್ಲ. ಒಂದು ಜೀವದಿಂದ ಇನ್ನೊಂದಕ್ಕೆ, ಅದರಿಂದ ಮತ್ತೊಂದಕ್ಕೆ ವಿಷವು ಏರಿಹೋದ ಮೆಟ್ಟಿಲುಗಳನ್ನು ಒಂದೊಂದಾಗಿ ತೋರಿಸುತ್ತಾರೆ. ಜೀವಿಗಳು ಪರಸ್ಪರ ಆಶ್ರಯದಿಂದ ಬದುಕುತ್ತವೆ ಎಂಬ ಮಾತನ್ನು ನಾವು ಎಷ್ಟೋ ಪ್ರವಚನಗಳಲ್ಲಿ ಕೇಳಿದ್ದೇವೆ. ಆ ಆಶ್ರಯದ ಹಾದಿಯಲ್ಲಿಯೇ ಹಿಂಸೆಯೂ ಸಂಚರಿಸಬಲ್ಲುದೆಂಬುದು ಇಲ್ಲಿ ಮನದಟ್ಟಾಗುತ್ತದೆ.

ಇಲ್ಲಿಯೇ ನೀತಿಯ ಪ್ರಶ್ನೆಯೊಂದು ಏಳುತ್ತದೆ. ವಿಷ ಸೇರಿಸಿದವರು ಕ್ರೂರಿಗಳಲ್ಲ. ಹಕ್ಕಿಗಳನ್ನು ಕೊಲ್ಲುವ ಸಂಕಲ್ಪ ಅವರಿಗಿರಲಿಲ್ಲ. ಹಾಗಾದರೆ ಇದು ಹಿಂಸೆಯೇ? ತತ್ತ್ವಾರ್ಥಸೂತ್ರವು ಹಿಂಸೆಯ ಲಕ್ಷಣವನ್ನು ಹೇಳುವಾಗ ಪ್ರಾಣಹಾನಿಯನ್ನು ಪ್ರಮಾದದೊಂದಿಗೆ ಜೋಡಿಸುತ್ತದೆ. 1949ರಲ್ಲಿ ಇದ್ದುದು ಅಜ್ಞಾನವೆನ್ನೋಣ. 1954ರಲ್ಲಿ ಹಕ್ಕಿಗಳು ಸತ್ತು ಬಿದ್ದಿದ್ದರೂ, ಕಾರಣ ತಿಳಿಯುವ ಮೊದಲೇ, 1957ರಲ್ಲಿ ಪುನಃ ವಿಷ ಸೇರಿಸಿದುದನ್ನು ಏನೆನ್ನಬೇಕು? ಕಾರ್ಸನ್ ಅವರು ಈ ಪ್ರಶ್ನೆಯನ್ನು ಅಂಚಿನವರೆಗೆ ತಂದು ನಿಲ್ಲಿಸುತ್ತಾರೆ. ಅಜ್ಞಾನವು ಪ್ರಮಾದವಾಗಿ ಮಾರ್ಪಡುವ ಗಳಿಗೆ ಯಾವುದೆಂಬುದನ್ನು ನಾವೇ ನಿರ್ಧರಿಸಬೇಕು. ಸತ್ತ ಪ್ರಾಣಿಯನ್ನು ಕಣ್ಣಾರೆ ಕಂಡೂ ವಿಚಾರಿಸದೆ ಮುಂದುವರಿದ ಗಳಿಗೆಯೇ ಅದು ಎಂಬುದು ನನ್ನ ಅಭಿಪ್ರಾಯ.

ಒಂಬತ್ತನೆಯ ಅಧ್ಯಾಯವು ಕೆನಡಾದ ಮಿರಾಮಿಷಿ ನದಿಯನ್ನು ಕುರಿತದ್ದು. ಕಾಡಿನ ಸ್ಪ್ರೂಸ್ ಮರಗಳನ್ನು ತಿನ್ನುವ ಹುಳುವನ್ನು ಕೊಲ್ಲಲು 1954ರ ಜೂನ್‌ನಲ್ಲಿ ವಿಮಾನಗಳಿಂದ ಡಿಡಿಟಿ ಸಿಂಪಡಿಸಿದರು. ಎರಡು ದಿನಗಳೊಳಗೆ ಎಳೆಯ ಸಾಲ್ಮನ್ ಮೀನುಗಳು ದಡದುದ್ದಕ್ಕೂ ಸತ್ತು ಬಿದ್ದವು. ಆ ವರ್ಷದ ವಸಂತದಲ್ಲಿ ಹುಟ್ಟಿದ ಮರಿಗಳಲ್ಲಿ ಒಂದೂ ಉಳಿಯಲಿಲ್ಲ. ಬದುಕಿ ಉಳಿದ ದೊಡ್ಡ ಮೀನುಗಳಿಗೆ ಆಹಾರವಿಲ್ಲ. ಏಕೆಂದರೆ ಅವು ತಿನ್ನುವ ಜಲಕೀಟಗಳೂ ನಾಶವಾಗಿದ್ದವು. ಮೀನು ತನ್ನ ಆಯುಷ್ಯವಿಡೀ ಕಿವಿರುಗಳ ಮೂಲಕ ನೀರನ್ನು ಹಾಯಿಸಿಕೊಂಡೇ ಉಸಿರಾಡಬೇಕು. ಕೆಟ್ಟ ನೀರನ್ನು ಸೋಸಿಕೊಳ್ಳುವ ಉಪಾಯ ಅದಕ್ಕಿಲ್ಲ. ಬಿಟ್ಟು ಹೋಗುವ ದಾರಿಯೂ ಬಹಳ ಸಲ ಇರುವುದಿಲ್ಲ.

ಇಷ್ಟು ಮೆಚ್ಚಿದ ಮೇಲೆ ಕೃತಿಯ ಮಿತಿಗಳನ್ನೂ ಹೇಳಬೇಕು. ಮೊದಲನೆಯದು, ಲೇಖಕಿಯ ಲೆಕ್ಕವು ಬಹುಮಟ್ಟಿಗೆ ಸಂತತಿಗಳ ಲೆಕ್ಕ. ಎಷ್ಟು ಜೋಡಿ ಹಕ್ಕಿಗಳು ಉಳಿದವು, ಎಷ್ಟು ಸಾಲ್ಮನ್‌ಗಳು ಹಿಂದಿರುಗಿದವು ಎಂಬುದೇ ಅಲ್ಲಿ ಮುಖ್ಯ. ಪ್ರತಿಯೊಂದು ಜೀವಕ್ಕೂ ನೋವಿದೆಯೆಂದು ನಂಬುವ ಓದುಗನಿಗೆ ಇದು ಸಾಲದು. ಎರಡನೆಯದು, ವಿಷಕ್ಕೆ ಬದಲಾಗಿ ಕೊನೆಯ ಅಧ್ಯಾಯದಲ್ಲಿ ಅವರು ಸೂಚಿಸುವ ಮಾರ್ಗಗಳಲ್ಲಿ ಒಂದು ಕೀಟವನ್ನು ಕೊಲ್ಲಲು ಇನ್ನೊಂದನ್ನು ಬಿಡುವುದೂ ಸೇರಿದೆ. ಹಿಂಸೆ ಕಡಿಮೆಯಾಗಬಹುದು, ಇಲ್ಲವಾಗುವುದಿಲ್ಲ. ಕೃಷಿಕ ಗೃಹಸ್ಥನ ಸಂಕಟವು ಇಲ್ಲಿ ಬಗೆಹರಿಯದೆ ಉಳಿಯುತ್ತದೆ.

ಮೂರನೆಯ ಮಿತಿಯು ನಮಗೆ ಹೆಚ್ಚು ಮುಖ್ಯವಾದುದು. ಈ ಕೃತಿಯನ್ನು ಓದಿದವನಿಗೆ ಅಪರಾಧಿಯು ಎಲ್ಲೋ ದೂರದಲ್ಲಿರುವ ವಿಷದ ಕಾರ್ಖಾನೆ, ಇಲ್ಲವೆ ಸಿಂಪಡಿಸಿದ ಇಲಾಖೆ ಎಂಬ ಸಮಾಧಾನ ದೊರೆಯುತ್ತದೆ. ಅದು ಸುಳ್ಳಲ್ಲ. ನಮ್ಮ ಕರಾವಳಿಯ ಗೇರುತೋಟಗಳ ಮೇಲೆ ವರ್ಷಗಳ ಕಾಲ ಸಿಂಪಡಿಸಿದ ಎಂಡೋಸಲ್ಫಾನ್ ಮೀನುಗಳಿಗೆ ಅತ್ಯಂತ ಮಾರಕವಾದ ವಿಷ. ಸರ್ವೋಚ್ಚ ನ್ಯಾಯಾಲಯವು 2011ರಲ್ಲಿ ಅದನ್ನು ತಡೆಯಬೇಕಾಯಿತು. ಆದರೆ ನಮ್ಮ ಕೆರೆಗಳಲ್ಲಿ ಮೀನುಗಳು ಸಾಯುವುದಕ್ಕೆ ಅಂತಹ ವಿಷವೇ ಬೇಕೆಂದಿಲ್ಲ. 25 ಡಿಗ್ರಿ ಉಷ್ಣತೆಯ ಶುದ್ಧವಾದ ಒಂದು ಲೀಟರ್ ನೀರಿನಲ್ಲಿ ಕರಗಿರುವ ಆಮ್ಲಜನಕವು ಸುಮಾರು 8 ಮಿಲಿಗ್ರಾಂ ಮಾತ್ರ. ಮನೆಯ ಬಚ್ಚಲು ನೀರು ಕೆರೆಗೆ ಸೇರಿದಾಗ ಅದರ ಕೊಳೆಯನ್ನು ಕರಗಿಸುವ ಬ್ಯಾಕ್ಟೀರಿಯಗಳು ಈ ಅಲ್ಪ ಸಂಪತ್ತನ್ನು ಬಳಸಿಕೊಳ್ಳುತ್ತವೆ. ಬಟ್ಟೆ ಒಗೆಯುವ ಪುಡಿಯ ರಂಜಕದ ಅಂಶದಿಂದ ಪಾಚಿ ಕೊಬ್ಬುತ್ತದೆ. ರಾತ್ರಿಯ ಹೊತ್ತು ಆ ಪಾಚಿಯೂ ಉಸಿರಾಡಿ ಆಮ್ಲಜನಕವನ್ನು ಕಡಿಮೆ ಮಾಡುತ್ತದೆ. ಮುಂಜಾನೆ ಮೀನುಗಳು ಮೇಲೆ ಬಂದು ಬಾಯಿ ತೆರೆದು ಚಡಪಡಿಸುವುದು ಇದರಿಂದಲೇ. 2016ರ ಮಾರ್ಚ್‌ನಲ್ಲಿ ಬೆಂಗಳೂರಿನ ಹಲಸೂರು ಕೆರೆಯಲ್ಲಿ ಸಾವಿರಾರು ಮೀನುಗಳು ಸತ್ತು ತೇಲಿದುದನ್ನು ವಾಚಕರು ಮರೆತಿರಲಾರರು.

ಕಾರ್ಸನ್ ಅವರ ಕಾಲಕ್ಕೆ ತಿಳಿಯದಿದ್ದ ಸಂಗತಿಯೊಂದನ್ನೂ ಸೇರಿಸಬೇಕು. ಕೆನಡಾದ ಒಂದು ಪುಟ್ಟ ಸರೋವರದಲ್ಲಿ 2001ರಿಂದ 2003ರವರೆಗೆ, ಗರ್ಭನಿರೋಧಕ ಮಾತ್ರೆಗಳಲ್ಲಿ ಬಳಸುವ ಕೃತಕ ಹಾರ್ಮೋನನ್ನು ಪ್ರಯೋಗಾರ್ಥವಾಗಿ ಬೆರೆಸಲಾಯಿತು. ಪ್ರಯೋಗವೂ ಒಂದು ಹಿಂಸೆಯೇ. ಲೀಟರಿಗೆ 5ರಿಂದ 6 ನ್ಯಾನೊಗ್ರಾಂ, ಅಂದರೆ ಒಂದು ಗ್ರಾಮಿನ ನೂರು ಕೋಟಿಯಲ್ಲಿ ಐದಾರು ಪಾಲು. ಗಂಡು ಮೀನುಗಳ ಶರೀರದಲ್ಲಿ ಮೊಟ್ಟೆಯ ಸಾರಾಂಶವು ಉತ್ಪತ್ತಿಯಾಗತೊಡಗಿತು. ಒಂದು ಜಾತಿಯ ಕಿರುಮೀನು ಆ ಸರೋವರದಿಂದ ಬಹುಪಾಲು ಅಳಿದೇ ಹೋಯಿತು. ಯಾವ ಮೀನೂ ಒಮ್ಮೆಗೇ ಸತ್ತು ತೇಲಲಿಲ್ಲ, ಸಂತತಿ ನಿಂತುಹೋಯಿತು. ಬೆರೆಸುವುದನ್ನು ನಿಲ್ಲಿಸಿದ ಕೆಲವು ವರ್ಷಗಳಲ್ಲಿ ಆ ಮೀನುಗಳು ಮರಳಿ ವೃದ್ಧಿಯಾದುವೆಂಬುದು ಸಮಾಧಾನದ ಸಂಗತಿ. ಅಪಕಾರವನ್ನು ನಿಲ್ಲಿಸಿದರೆ ನೀರು ಕ್ಷಮಿಸಬಲ್ಲುದು.

ನಮ್ಮ ತೀರ್ಥಗಳಿಗೂ ನೀರಿಗೂ ಇರುವ ನಂಟು ಹೇಳಿ ಮುಗಿಯದು. ಭಗವಾನ್ ಮಹಾವೀರರ ನಿರ್ವಾಣಭೂಮಿಯಾದ ಪಾವಾಪುರಿಯ ಜಲಮಂದಿರವೂ, ಉಡುಪಿ ಜಿಲ್ಲೆಯ ವರಂಗದ ಕೆರೆ ಬಸದಿಯೂ ನೀರಿನ ನಡುವೆಯೇ ನಿಂತಿವೆ. ಬೆಳಗೊಳಕ್ಕೆ ಆ ಹೆಸರು ಬಂದುದೇ ಅಲ್ಲಿಯ ಬಿಳಿಯ ಕೊಳದಿಂದ. ಇಂತಹ ಪರಂಪರೆಯ ಬಸದಿಗಳ ಆಡಳಿತ ಮಂಡಳಿಗಳು ತಮ್ಮ ತಮ್ಮ ಕೊಳಗಳ ಬಗ್ಗೆ ಕೆಲವು ಪ್ರಶ್ನೆಗಳನ್ನು ಕೇಳಿಕೊಳ್ಳುವುದು ಉಚಿತ. ಅಭಿಷೇಕದ ಹಾಲು ಮೊಸರುಗಳು ಹರಿದು ಎಲ್ಲಿಗೆ ಸೇರುತ್ತವೆ? ಹಾಲು ಕೊಳೆಯುವಾಗ ಕಬಳಿಸುವ ಆಮ್ಲಜನಕವು ಅಷ್ಟೇ ಚರಂಡಿ ನೀರು ಕಬಳಿಸುವುದಕ್ಕಿಂತ ನೂರಾರು ಪಟ್ಟು ಹೆಚ್ಚು. ಅಭಿಷೇಕವನ್ನು ಬಿಡಬೇಕೆಂದಲ್ಲ, ಆ ದ್ರವವನ್ನು ತೋಟದ ಮಣ್ಣಿಗೆ ಹರಿಸಬಹುದು. ಪೂಜೆಯ ಹೂವುಗಳನ್ನು ಗೊಬ್ಬರದ ಗುಂಡಿಗೆ ಹಾಕಬಹುದು. ಯಾತ್ರಿಗಳು ಪ್ರೀತಿಯಿಂದ ಮೀನುಗಳಿಗೆ ಎರಚುವ ಪುರಿಯೂ ಮಿತಿ ಮೀರಿದರೆ ಕೊಳೆತು ಅವುಗಳ ಉಸಿರನ್ನೇ ಕಸಿಯುತ್ತದೆ. ವಸತಿಗೃಹಗಳ ಬಚ್ಚಲು ನೀರು, ಅಡುಗೆಮನೆಯ ನೀರು ಇಂಗುಗುಂಡಿಗೆ ಹೋಗುತ್ತದೆಯೋ ಕೆರೆಗೆ ಹೋಗುತ್ತದೆಯೋ ಎಂಬುದನ್ನು ಮಂಡಳಿಯ ಸದಸ್ಯರೊಬ್ಬರು ಕಾಲುವೆಯ ಜಾಡು ಹಿಡಿದು ನಡೆದು ನೋಡಿದರೆ ಒಂದು ಬೆಳಗಿನಲ್ಲಿ ತಿಳಿಯುತ್ತದೆ. ಜೈನ ಮನೆತನಗಳ ಒಡೆತನದಲ್ಲಿರುವ ಕಾರ್ಖಾನೆಗಳೂ ತೋಟಗಳೂ ಇದೇ ಪರೀಕ್ಷೆಗೆ ಒಳಪಡಬೇಕು. ದಾನದ ಮೊತ್ತವು ಇದಕ್ಕೆ ಪ್ರಾಯಶ್ಚಿತ್ತವಾಗಲಾರದು.

‘ಸೈಲೆಂಟ್ ಸ್ಪ್ರಿಂಗ್’ ಧರ್ಮಗ್ರಂಥವಲ್ಲ; ಅದರ ಕೆಲವು ಮಾತುಗಳನ್ನು ನಾವು ಒಪ್ಪದಿರಬಹುದು. ಆದರೂ ಪಾಠಶಾಲೆಗಳಲ್ಲಿ ಅಹಿಂಸಾಣುವ್ರತವನ್ನು ಬೋಧಿಸುವವರು ಈ ಎರಡು ಅಧ್ಯಾಯಗಳನ್ನಾದರೂ ಓದಬೇಕು. ಸೋಸಿದ ಬಟ್ಟೆಯ ಜೀವಿಗಳನ್ನು ಅವುಗಳ ನೀರಿಗೇ ಮರಳಿ ಬಿಡಬೇಕೆಂದು ನಮ್ಮ ಹಿರಿಯರು ವಿಧಿಸಿದರು. ಮರಳಿ ಬಿಟ್ಟ ಆ ಜೀವಿಗಳು ಅಲ್ಲಿ ಬದುಕಲು ಸಾಧ್ಯವಿರಬೇಕಲ್ಲವೆ? ಆ ನೀರನ್ನು ಬದುಕಲು ಯೋಗ್ಯವಾಗಿ ಉಳಿಸುವುದು ಹೊಸ ವ್ರತವೇನಲ್ಲ. ಅದೇ ಆಚಾರದ ಮರೆತ ಅರ್ಧ.