'ಬಿಳಿ ಬಂಗಾರ' ಎಂಬ ಅಲಂಕಾರ

'ಬಿಟ್ಟಿ' ಎಂದರೇನೆಂದು ತರಗತಿಯಲ್ಲಿ ಕೇಳಿದರೆ ಈಗಿನ ವಿದ್ಯಾರ್ಥಿಗಳು 'ಪುಕ್ಕಟೆ' ಎನ್ನುತ್ತಾರೆ. ತಪ್ಪೇನಲ್ಲ, ಅದು ಪಡೆಯುವವನ ಅರ್ಥ. ಸಂಸ್ಕೃತದ 'ವಿಷ್ಟಿ'ಯಿಂದ ಬಂದ ಈ ಪದ ನಮ್ಮ ಶಾಸನಗಳಲ್ಲಿ ಕೂಲಿಯಿಲ್ಲದ, ಬಲವಂತದ ದುಡಿಮೆಯನ್ನು ಹೇಳುತ್ತಿತ್ತು. ದುಡಿದವನ ಬೆವರು ಆರಿಹೋಗಿ, ದುಡಿಸಿಕೊಂಡವನ ಲಾಭ ಮಾತ್ರ ಪದದಲ್ಲಿ ಉಳಿದುಕೊಂಡಿತು. ಉಜ್ಬೇಕಿಸ್ತಾನದ ಹತ್ತಿಹೊಲಗಳ ವರದಿಗಳನ್ನು ಓದುವಾಗ ನನ್ನನ್ನು ಮತ್ತೆ ಮತ್ತೆ ಕಾಡಿದ್ದು ಈ ಪದವೇ.

ತಾಷ್ಕೆಂಟ್ ಎಂದೊಡನೆ ನಮಗೆ ನೆನಪಾಗುವುದು 1966ರ ಜನವರಿ, ಶಾಸ್ತ್ರಿಯವರ ಮರಣ. ಆದರೆ ಆ ನಗರದಲ್ಲಿ ಎತ್ತ ತಿರುಗಿದರೂ ಹತ್ತಿ. ಅಲ್ಲಿನ ಹೆಸರಾಂತ ಫುಟ್‌ಬಾಲ್ ತಂಡ 'ಪಖ್ತಾಕೋರ್', ಎಂದರೆ ಹತ್ತಿ ಬೆಳೆಯುವವನು. ಮೆಟ್ರೊ ರೈಲಿನ ಒಂದು ನಿಲ್ದಾಣಕ್ಕೂ ಅದೇ ಹೆಸರು, ಗೋಡೆಯ ಮೇಲೆ ಅದೇ ಚಿತ್ತಾರ. ಚಹಾ ಪಾತ್ರೆಯ ಮೇಲೂ ನೀಲಿಯ ನಡುವೆ ಒಡೆದ ಹತ್ತಿಯ ಕಾಯಿ. ಸೋವಿಯತ್ ಕಾಲದಲ್ಲಿ ಹತ್ತಿಗೆ ಅಲ್ಲಿ 'ಬಿಳಿ ಬಂಗಾರ'ವೆಂಬ ಬಿರುದು. ರೂಪಕವಾಗಿ ಕೆಟ್ಟದ್ದಲ್ಲ. ಹತ್ತಿಯನ್ನು ಕಂಡ ಕವಿ ಬಿಳುಪನ್ನೂ ಮೃದುತ್ವವನ್ನೂ ಕಾಣುತ್ತಾನೆ. ಒಡೆದ ಕಾಯಿಯ ಒಣಸಿಪ್ಪೆಯ ಮೊನೆ ಚುಚ್ಚುವುದು ಬಿಡಿಸುವವನ ಬೆರಳಿಗೆ. ಈ ಅಲಂಕಾರವೇ ರಾಜಾಜ್ಞೆಯಾದದ್ದು ಅಲ್ಲಿನ ದುರಂತ.

1959ರಿಂದ 1983ರವರೆಗೆ ಆ ಗಣರಾಜ್ಯದ ಪಕ್ಷನಾಯಕರಾಗಿದ್ದ ಶರಾಫ್ ರಶೀದೊವ್ ಸ್ವತಃ ಕಾದಂಬರಿಕಾರರು. ಲೇಖಕರ ಸಂಘದ ಅಧ್ಯಕ್ಷರೂ ಆಗಿದ್ದವರು. ಮಾಸ್ಕೋ ಕೇಳಿದಷ್ಟು ಹತ್ತಿ ನೆಲದಲ್ಲಿ ಬೆಳೆಯದಿದ್ದಾಗ ಕಾಗದದ ಮೇಲೆ ಬೆಳೆಯಿತು. ಹಾಗೆ ಬರೆದುಕೊಂಡದ್ದು ಲಕ್ಷಗಟ್ಟಲೆ ಟನ್ನು ಎಂಬುದು ಅವರು ತೀರಿಕೊಂಡ ಮೇಲೆ ಬಯಲಾಯಿತು. ಕಲ್ಪನಾಶಕ್ತಿ ಕಾದಂಬರಿಗಿಂತ ಲೆಕ್ಕದ ಪುಸ್ತಕದಲ್ಲಿ ಹೆಚ್ಚು ಕೆಲಸ ಮಾಡಿತೆನ್ನಬೇಕು! ಹೊಲಕ್ಕೆ ಅಟ್ಟಲ್ಪಟ್ಟ ಮಕ್ಕಳು ಮಾತ್ರ ಕಲ್ಪನೆಯಾಗಿರಲಿಲ್ಲ.

1991ರಲ್ಲಿ ನಾಡು ಸ್ವತಂತ್ರವಾಯಿತು. ಪದ್ಧತಿ ಹಾಗೆಯೇ ಉಳಿಯಿತು. ಹತ್ತಿ ಬಿಡಿಸುವ ಕಾಲ ಬಂದರೆ ಶಾಲೆಯ ಮಕ್ಕಳು, ಕಾಲೇಜಿನವರು, ಅಧ್ಯಾಪಕರು, ದಾದಿಯರು ಹೊಲಕ್ಕೆ ಹೋಗಬೇಕು. ದಿನಕ್ಕೆ ಇಷ್ಟು ಕಿಲೋ ಎಂಬ ಕಟ್ಟಳೆ ಬೇರೆ. ಇದಕ್ಕೆ ಆಡಳಿತ ಹೊದಿಸಿದ ಹೆಸರು 'ಹಶರ್'. ಹಶರ್ ಎಂದರೆ ಹೆಚ್ಚುಕಡಿಮೆ ನಮ್ಮ ಮುಯ್ಯಾಳು: ನೆರೆಯವನ ಮನೆ ಕಟ್ಟಲು, ಕಾಲುವೆ ತೋಡಲು ಊರೇ ಕೈಜೋಡಿಸುವುದು. ಆದರೆ ಇಂದು ನಾನು ನಿನ್ನ ಹೊಲಕ್ಕೆ ಬಂದರೆ ನಾಳೆ ನೀನು ನನ್ನ ಹೊಲಕ್ಕೆ ಬರಬೇಕಷ್ಟೆ? ಸರಕಾರ ಯಾವ ದಾದಿಯ ಮನೆಗೆ ಮುಯ್ಯಿ ತೀರಿಸಲು ಹೋದೀತು? ಒಂದು ಜನಪದದ ಅತ್ಯಂತ ಸವಿಯಾದ ಮಾತನ್ನು ಕದ್ದು ಬಿಟ್ಟಿಗೆ ಮುಸುಕು ಹಾಕಿದ್ದನ್ನು ನಾನು ದುಡಿಮೆಯ ಕಳವಿನಷ್ಟೇ ದೊಡ್ಡ ಕಳವೆಂದು ಎಣಿಸುತ್ತೇನೆ.

ಮುಸುಕು ತೆಗೆದದ್ದು ಕವಿಗಳಲ್ಲ. ಯೆಲೆನಾ ಉರ್ಲಾಯೆವಾರಂಥವರು ಹೊಲಗಳಿಗೆ ಹೋಗಿ ಕಂಡದ್ದನ್ನು ದಾಖಲಿಸಿ, ಪದೇಪದೇ ಪೊಲೀಸರ ವಶವಾದರು. ಹೊರದೇಶಗಳ 330ಕ್ಕೂ ಹೆಚ್ಚು ಕಂಪನಿಗಳು ಆ ಹತ್ತಿಯನ್ನು ಬಳಸುವುದಿಲ್ಲವೆಂದು ಮಾತು ಕೊಟ್ಟವು. 2012ರಿಂದೀಚೆಗೆ ಚಿಕ್ಕ ಮಕ್ಕಳನ್ನು ಬಿಟ್ಟರು. ಹೊರೆ ದೊಡ್ಡವರ ಮೇಲೆ ಬಿತ್ತು. 2017ರ ಸುಗ್ಗಿಯ ನಡುವೆ ವಿದ್ಯಾರ್ಥಿಗಳನ್ನೂ ಅಧ್ಯಾಪಕರನ್ನೂ ವೈದ್ಯಸಿಬ್ಬಂದಿಯನ್ನೂ ಹಿಂದಕ್ಕೆ ಕರೆಸಿದರು. 2020ರಲ್ಲಿ ಸರಕಾರದ ಹತ್ತಿ ಕಟ್ಟಳೆ ರದ್ದಾಯಿತು. 2021ರ ಸುಗ್ಗಿಯಲ್ಲಿ ವ್ಯವಸ್ಥಿತವಾದ ಬಲವಂತದ ದುಡಿಮೆಯಾಗಲಿ ಬಾಲದುಡಿಮೆಯಾಗಲಿ ಇರಲಿಲ್ಲವೆಂದು ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ ಹೇಳಿದ ಮೇಲೆ, 2022ರ ಮಾರ್ಚಿನಲ್ಲಿ ಬಹಿಷ್ಕಾರ ಮುಗಿಯಿತು. ಆ ಸಂಸ್ಥೆಯ ವರದಿಗಳ ಗದ್ಯ ಒಣಗದ್ಯ. ಓದಲು ತಾಳ್ಮೆ ಬೇಕು. ಆದರೂ ಅದರ ಹಿಂದೆ 1930ರ ಒಡಂಬಡಿಕೆಯ ಎರಡೇ ಪ್ರಶ್ನೆಗಳಿವೆ: ಮನಸ್ಸಿನಿಂದ ಒಪ್ಪಿ ಬಂದೆಯಾ? ಬಾರದಿದ್ದರೆ ದಂಡನೆಯ ಭಯವಿತ್ತೆ? ಇವೆರಡರ ಮುಂದೆ ಹಶರ್ ನಿಲ್ಲಲಿಲ್ಲ, ಬಿಳಿ ಬಂಗಾರವೂ ನಿಲ್ಲಲಿಲ್ಲ. ಅಲಂಕಾರಶಾಸ್ತ್ರ ಪಾಠ ಮಾಡುವ ನನಗೆ ಇದು ಸ್ವಲ್ಪ ನಾಚಿಕೆಯ ಸಂಗತಿಯೇ.

ದೂರದವರನ್ನು ಆಡಿಕೊಳ್ಳುವುದು ಸುಲಭ. 1972ರಲ್ಲಿ ಧಾರವಾಡದಿಂದ ಹೊರಟ 'ವರಲಕ್ಷ್ಮಿ' ಎಂಬ ಸಂಕರ ಹತ್ತಿ ನಮ್ಮ ರೈತರಿಗೆ ಹಣ ತಂದಿತು. ನನಗೂ ಅದರ ಅಭಿಮಾನವುಂಟು. ಸಂಕರ ಬೀಜ ಮಾತ್ರ ತಾನಾಗಿ ಆಗುವುದಿಲ್ಲ. ಸಂಜೆ ಮೊಗ್ಗಿನ ಕೇಸರವನ್ನು ಬಿಡಿಸಿ, ಮರುದಿನ ಬೆಳಗ್ಗೆ ಬೇರೆ ಗಿಡದ ಪರಾಗವನ್ನು ಹೂ ಹೂವಿಗೂ ಹಚ್ಚಬೇಕು. ಆಂಧ್ರದಲ್ಲಿಯೂ ನಮ್ಮಲ್ಲಿಯೂ ಬೀಜದ ಹೊಲಗಳಲ್ಲಿ ಈ ಕೆಲಸಕ್ಕೆ ಹಚ್ಚಿದ್ದು ಬಹುಮಟ್ಟಿಗೆ ಹೆಣ್ಣುಮಕ್ಕಳನ್ನು. ಕಾರಣ ಕೇಳಿದರೆ ಎಳೆಯ ಬೆರಳು ನಯವೆಂಬ ಉತ್ತರ, ಅದೂ ಕಾವ್ಯವೇ! ತಂದೆತಾಯಿಗೆ ಮೊದಲೇ ಕೊಟ್ಟ ಹಣಕ್ಕೆ 'ಮುಂಗಡ' ಎಂಬ ಸಭ್ಯ ಹೆಸರು. ಅದನ್ನು ದುಡಿದು ತೀರಿಸಬೇಕಾದವಳು ಮಗಳು. 1976ರ ಕಾಯಿದೆ ತೊಡೆದುಹಾಕ ಹೊರಟ ಜೀತಕ್ಕೂ ಇದಕ್ಕೂ ಎಷ್ಟು ದೂರವೋ ಓದುಗರೇ ಅಳೆಯಲಿ. ದಾವುಲೂರಿ ವೆಂಕಟೇಶ್ವರ್ಲು ಅವರ ಅಧ್ಯಯನಗಳು ಇದನ್ನು ಲೋಕದ ಮುಂದಿಟ್ಟವು; ಶಾಂತಾ ಸಿನ್ಹಾ ಅವರ ಎಂ. ವಿ. ಫೌಂಡೇಶನ್, ಶಾಲೆಯಲ್ಲಿಲ್ಲದ ಮಗುವೆಲ್ಲ ದುಡಿಯುವ ಮಗುವೇ ಎಂದು ಹಿಡಿದ ಹಟ ಆಂಧ್ರದ ಎಷ್ಟೋ ಹಳ್ಳಿಗಳಲ್ಲಿ ಫಲಿಸಿತು.

2016ರಲ್ಲಿ ನಮ್ಮ ಬಾಲಕಾರ್ಮಿಕ ಕಾಯಿದೆಯನ್ನು ತಿದ್ದಿ, ಹದಿನಾಲ್ಕರೊಳಗಿನ ಮಕ್ಕಳ ದುಡಿಮೆಯನ್ನು ನಿಷೇಧಿಸಿದರು. ಜೊತೆಗೊಂದು ವಿನಾಯಿತಿ: ಅಪಾಯವಿಲ್ಲದ ಕೆಲಸದಲ್ಲಿ, ಶಾಲೆಯ ಹೊತ್ತು ಬಿಟ್ಟು, ರಜೆಯಲ್ಲಿ, ಮನೆಯವರಿಗೆ 'ಸಹಾಯ' ಮಾಡಬಹುದು. ಹತ್ತಿಯ ಮೊಗ್ಗು ಬಿಡಿಸುವುದು ಸಂಜೆ. ಪರಾಗ ಹಚ್ಚುವುದು ಬೆಳಗ್ಗೆ, ಶಾಲೆಯ ಗಂಟೆ ಹೊಡೆಯುವ ಹೊತ್ತಿಗೆ.