ಫೈಟು ಯಾರದು, ಒಳಮನಸ್ಸು ಯಾರದು?

1

ದಲಿತ ವಿಮರ್ಶೆಯ ಸಂಚಿಕೆಯಲ್ಲಿ ಟೀವಿಯ ವಿಜ್ಞಾನ ಕಥನಕ್ಕೇನು ಕೆಲಸ ಎಂದು ಹುಬ್ಬೇರಿಸುವವರು ಇರಬಹುದು. ನಮ್ಮ ವಿಮರ್ಶೆ ಕಾವ್ಯವನ್ನು, ಕಾದಂಬರಿಯನ್ನು, ಆತ್ಮಕಥೆಯನ್ನು ಮುಟ್ಟಿದೆ. ಜಾನಪದವನ್ನೂ ಒಂದಿಷ್ಟು ಸಿನಿಮಾವನ್ನೂ ಮುಟ್ಟಿದೆ. ನಕ್ಷತ್ರಗಳ ನಡುವೆ ನಡೆಯುವ ಕತೆಗಳನ್ನು ಮಾತ್ರ 'ಹೊಟ್ಟೆ ತುಂಬಿದವರ ಆಟ' ಎಂದು ಬದಿಗಿಟ್ಟಿದೆ. ಆದರೆ ನನ್ನ ತರಗತಿಯ ಹುಡುಗ ಹುಡುಗಿಯರು ರಾತ್ರಿ ಹಾಸ್ಟೆಲಿನಲ್ಲಿ ಮೊಬೈಲು ಹಿಡಿದು ನೋಡುತ್ತಿರುವುದು ಇವನ್ನೇ. ನಾಳೆಯ ಸಮಾಜ ಹೀಗಿರುತ್ತದೆ ಎಂದು ಯಾರೋ ಕಟ್ಟಿಕೊಟ್ಟದ್ದನ್ನು ಅವರು ನೋಡುತ್ತಿರುವಾಗ, ಆ ನಾಳೆಯಲ್ಲಿ ಯಾರು ಏನಾಗಿದ್ದಾರೆ ಎಂದು ಕೇಳುವುದು ವಿಮರ್ಶೆಯ ಕೆಲಸವೇ.

ಈ ಧಾರಾವಾಹಿಗಳ ಬಗ್ಗೆ ಬರೆಯುವವರ ಬಳಿ ಒಂದು ಸಿದ್ಧಸೂತ್ರವಿದೆ: ಆಕ್ಷನ್ನಿಗೂ ಪಾತ್ರಚಿತ್ರಣಕ್ಕೂ ಸಮತೋಲನ ಇರಬೇಕು. ಗುಂಡು, ಸ್ಫೋಟ, ಬೆನ್ನಟ್ಟುವಿಕೆ ಹೆಚ್ಚಾದರೆ ಕತೆ ಟೊಳ್ಳು; ಮಾತು, ನೆನಪು, ಕಣ್ಣೀರು ಹೆಚ್ಚಾದರೆ ಕತೆ ಕುಂಟುತ್ತದೆ. ಸಾರಿಗೆ ಉಪ್ಪು ಹುಳಿ ಹಾಕುವ ಲೆಕ್ಕದ ಹಾಗೆ. ಈ ಸೂತ್ರ ಸುಳ್ಳೆಂದು ನಾನು ಹೇಳುತ್ತಿಲ್ಲ. ಆದರೆ ಅದು ಪ್ರಮಾಣವನ್ನು ಕೇಳುತ್ತದೆಯೇ ಹೊರತು ಪಾಲನ್ನು ಕೇಳುವುದಿಲ್ಲ. ಫೈಟಿನಲ್ಲಿ ಸಾಯುವ ಪಾಲು ಯಾರದು? ಫೈಟು ಮುಗಿದ ಮೇಲೆ ಕಿಟಕಿಯ ಬಳಿ ನಿಂತು ದುಃಖಪಡುವ ಪಾಲು ಯಾರದು?

1966ರಿಂದ 1969ರವರೆಗೆ ಅಮೆರಿಕದಲ್ಲಿ ಪ್ರಸಾರವಾದ ಮೊದಲ 'ಸ್ಟಾರ್ ಟ್ರೆಕ್' ಅನ್ನೇ ನೋಡಿ. ಹೊಸ ಗ್ರಹಕ್ಕೆ ಇಳಿಯುವ ತಂಡದಲ್ಲಿ ಕ್ಯಾಪ್ಟನ್ ಕರ್ಕ್, ಸ್ಪಾಕ್, ಡಾಕ್ಟರ್ ಮೆಕಾಯ್ ಇರುತ್ತಾರೆ. ಜೊತೆಗೆ ಕೆಂಪಂಗಿಯ ಒಬ್ಬ ಕಾವಲುಗಾರ ಇರುತ್ತಾನೆ. ಅವನು ಏನ್ ಮಾಡ್ತಾನೆ? ಸಾಯ್ತಾನೆ, ಅಷ್ಟೆ. ಅವನ ಸಾವಿನಿಂದ ಅಪಾಯ ದೊಡ್ಡದೆಂದು ನಮಗೆ ಗೊತ್ತಾಗುತ್ತದೆ, ಕ್ಯಾಪ್ಟನ್ನನ ಮುಖದಲ್ಲಿ ನೋವು ಮೂಡುತ್ತದೆ. ಒಬ್ಬನ ಒಡಲು ಆಕ್ಷನ್ನಿಗೆ ಖರ್ಚಾಗಿ ಇನ್ನೊಬ್ಬನಿಗೆ ಪಾತ್ರದ ಆಳ ದಕ್ಕುತ್ತದೆ. ಸಾಯಲೆಂದೇ ತಂದ ಪಾತ್ರಕ್ಕೆ ಇಂಗ್ಲಿಷಿನಲ್ಲಿ 'ಕೆಂಪಂಗಿ' ಎಂಬ ಹೆಸರೇ ನಿಂತುಹೋಯಿತು. ಅದೇ ಕೆಂಪು ತೊಟ್ಟ ಉಹುರಾ, ಕಪ್ಪು ನಟಿ ನಿಕೆಲ್ ನಿಕೋಲ್ಸ್ ಮಾಡಿದ ಪಾತ್ರ, ಸಾಯುವುದಿಲ್ಲ. ಆದರೆ ಬಹುಪಾಲು ಕಂತುಗಳಲ್ಲಿ ಅವಳ ಕೆಲಸ ಸಂಪರ್ಕ ಸಿಕ್ಕಿತೆಂದು ಕ್ಯಾಪ್ಟನ್ನನಿಗೆ ತಿಳಿಸುವುದು. ಮೊದಲ ವರ್ಷ ಮುಗಿದಾಗ ನಿಕೋಲ್ಸ್ ಬಿಟ್ಟು ಹೋಗಲು ಹೊರಟಿದ್ದರು. ಬಿಡಬೇಡಿ ಎಂದು ತಡೆದವರು ಮಾರ್ಟಿನ್ ಲೂಥರ್ ಕಿಂಗ್ ಎಂದು ಅವರೇ ಹೇಳಿಕೊಂಡಿದ್ದಾರೆ. ಅಲ್ಲಿ ಒಬ್ಬ ಕಪ್ಪು ಹೆಂಗಸು ಅಧಿಕಾರಿಯಾಗಿ ಕೂತಿರುವುದೇ ದೊಡ್ಡದು ಎಂಬುದು ಕಿಂಗ್ ಅವರ ಗ್ರಹಿಕೆ. ಆ ಕಾಲಕ್ಕೆ ಅದು ನಿಜ. ಕೂತಿರುವವರು ಏಳುವುದು ಯಾವಾಗ ಎಂಬ ಪ್ರಶ್ನೆ ಮಾತ್ರ ಹಾಗೇ ಉಳಿಯಿತು.

ಇಲ್ಲಿ ಕನ್ನಡ ನಮಗೊಂದು ಉಪಕಾರ ಮಾಡಿದೆ. ಇಂಗ್ಲಿಷಿನವರು ಆಕ್ಷನ್ ಎಂಬ ಒಂದೇ ಪದದಲ್ಲಿ ಹೇಳುವುದನ್ನು ನಾವು ಎರಡಾಗಿ ಹೇಳುತ್ತೇವೆ. ಸಿನಿಮಾ ಟೆಂಟಿನಲ್ಲಿ ಫೈಟು ಅಂತೀವಿ, ವಿಮರ್ಶೆಯಲ್ಲಿ ಕ್ರಿಯೆ ಅಂತೀವಿ. ಫೈಟು ಮೈಯಿಂದ ಆಗುವಂಥದ್ದು. ಕ್ರಿಯೆ ಒಬ್ಬ ಮನುಷ್ಯ ತನ್ನ ಬದುಕಿನ ಬಗ್ಗೆ ತಾನೇ ತೀರ್ಮಾನ ಮಾಡಿದಾಗ ಹುಟ್ಟುವಂಥದ್ದು. ಕೆಂಪಂಗಿಯವನಿಗೆ ಫೈಟು ಸಿಕ್ಕಿತು, ಕ್ರಿಯೆ ಸಿಗಲಿಲ್ಲ. ನನ್ನ ಮಾತು ಇಷ್ಟೇ: ಫೈಟನ್ನು ಕ್ರಿಯೆಯಾಗಿಸುವ ಕತೆಯಲ್ಲಿ ಸಮತೋಲನದ ಪ್ರಶ್ನೆಯೇ ಏಳುವುದಿಲ್ಲ, ಯಾಕೆಂದರೆ ಅಲ್ಲಿ ಪಾತ್ರ ಮತ್ತು ಆಕ್ಷನ್ ಎಂಬ ಎರಡು ಗುಡ್ಡೆಗಳಿರುವುದಿಲ್ಲ.

2

'ಬ್ಯಾಟಲ್‌ಸ್ಟಾರ್ ಗ್ಯಾಲಕ್ಟಿಕಾ' (2004–2009) ಈ ಚರ್ಚೆಗೆ ಒಳ್ಳೆಯ ಪಠ್ಯ. ಮನುಷ್ಯರೇ ಮಾಡಿದ ಯಂತ್ರಗಳು ತಿರುಗಿಬಿದ್ದು ಹನ್ನೆರಡು ವಸಾಹತುಗಳನ್ನು ಸುಟ್ಟುಹಾಕಿವೆ. ಅಳಿದುಳಿದ ಸುಮಾರು ಐವತ್ತು ಸಾವಿರ ಜನ ಹಡಗುಗಳ ಹಿಂಡಿನಲ್ಲಿ ಓಡುತ್ತಿದ್ದಾರೆ. ಇದರ ಮೊದಲ ಕಂತಿನ ಹೆಸರು '33'. ಪ್ರತಿ 33 ನಿಮಿಷಕ್ಕೊಮ್ಮೆ ಶತ್ರು ಬಂದೆರಗುತ್ತಾನೆ, ಇವರು ತಪ್ಪಿಸಿಕೊಂಡು ಇನ್ನೊಂದು ಕಡೆಗೆ ಹಾರುತ್ತಾರೆ. ಐದು ದಿನದಿಂದ ಯಾರಿಗೂ ನಿದ್ದೆಯಿಲ್ಲ. ಕಂತಿನ ತುಂಬ ದಾಳಿಯ ಭಯವೇ. ಆದರೆ ನಾವು ನೋಡುವುದು ನಿದ್ದೆಗೆಟ್ಟ ಮುಖಗಳನ್ನು, ಸಿಡುಕನ್ನು, ನಡುಗುವ ಕೈಗಳನ್ನು. ಕೊನೆಗೆ ತಮ್ಮವರೇ ಇರುವ ಹಡಗೊಂದನ್ನು ಹೊಡೆದುರುಳಿಸಬೇಕಾಗುತ್ತದೆ. ಗುಂಡು ಹಾರಿಸುವುದು ಒಂದು ಕ್ಷಣ. ಹಾರಿಸಿದವನು ಅದನ್ನು ಹೊತ್ತು ತಿರುಗುವುದು ಮುಂದಿನ ಕತೆ. ಅಧ್ಯಕ್ಷೆ ರೋಸ್ಲಿನ್ ಬದುಕಿರುವವರ ಲೆಕ್ಕವನ್ನು ಹಲಗೆಯ ಮೇಲೆ ಬರೆದಿಟ್ಟಿದ್ದಾಳೆ. ಕಂತಿನ ಕೊನೆಗೆ ಒಂದು ಮಗು ಹುಟ್ಟುತ್ತದೆ, ಅವಳು ಲೆಕ್ಕಕ್ಕೆ ಒಂದನ್ನು ಸೇರಿಸುತ್ತಾಳೆ.

ಎಲ್ಲ ವಿಮರ್ಶಕರೂ ಹೊಗಳಿದ ಕಂತು ಇದು. ನನಗೆ ಇದಕ್ಕಿಂತ ಮುಖ್ಯವಾಗಿ ಕಂಡದ್ದು 2007ರಲ್ಲಿ ಬಂದ 'ಡರ್ಟಿ ಹ್ಯಾಂಡ್ಸ್' ಎಂಬ ಕಂತು. ಹಲಗೆಯ ಮೇಲೆ ಒಂದೇ ಅಂಕಿಯಾಗಿದ್ದ ಜನ ಒಳಗೆ ಒಂದೇ ಅಲ್ಲ ಎಂಬುದನ್ನು ಅದು ತೆರೆದಿಡುತ್ತದೆ. ಹಡಗುಗಳಿಗೆಲ್ಲ ಇಂಧನ ಶುದ್ಧಿ ಮಾಡುವ ಒಂದು ಹಡಗಿದೆ. ಅಲ್ಲಿ ದುಡಿಯುವವರಿಗೆ ರಜೆಯಿಲ್ಲ, ಬದಲಿಯಿಲ್ಲ. ಮಕ್ಕಳೂ ಅದೇ ಯಂತ್ರಗಳ ನಡುವೆ ದುಡಿಯುತ್ತಿದ್ದಾರೆ. ಅಪ್ಪನ ಕೆಲಸ ಮಗನಿಗೆ. ಕೈ ಸಾಲದಾದಾಗ ಸರಕಾರ ಹೊಸಬರನ್ನು ಆರಿಸುತ್ತದೆ. ಹೇಗೆ? ಹಿಂದೆ ಹೊಲದ ಕೆಲಸ ಮಾಡಿದವರು ಯಾರೆಂದು ಕಡತ ನೋಡಿ. ಹಾಗೆ ಎಳೆದು ತಂದ ಒಬ್ಬ ಹುಡುಗನ ತೋಳು ಯಂತ್ರಕ್ಕೆ ಸಿಕ್ಕಿಕೊಳ್ಳುತ್ತದೆ.

ಅಂಬೇಡ್ಕರ್ 1936ರ 'ಜಾತಿ ವಿನಾಶ'ದಲ್ಲಿ ತೋರಿಸಿಕೊಟ್ಟರಲ್ಲ, ಜಾತಿ ಕೆಲಸವನ್ನಷ್ಟೇ ಹಂಚುವುದಿಲ್ಲ, ಕೆಲಸ ಮಾಡುವವರನ್ನೇ ಮೇಲು ಕೆಳಗು ಮಾಡಿ ಹಂಚುತ್ತದೆ ಎಂದು. ಅಮೆರಿಕದ ಈ ಬರಹಗಾರರು ಅದನ್ನು ಓದಿರಲಿ ಬಿಡಲಿ, ಅವರ ಹಡಗಿನಲ್ಲಿ ಆಗಿರುವುದು ಅದೇ. ಯುದ್ಧವಿಮಾನ ಹಾರಿಸುವವರು ಕ್ಯಾಪ್ರಿಕಾದಂಥ ಸಿರಿವಂತ ವಸಾಹತಿನವರು. ಕೆಳಗೆ ಎಣ್ಣೆ ಮೆತ್ತಿಕೊಂಡು ಅದನ್ನು ರಿಪೇರಿ ಮಾಡುವವರು ಬಡ ವಸಾಹತಿನವರು. ಸೀಲಿಕ್ಸ್ ಎಂಬ ಮೆಕ್ಯಾನಿಕ್ ಹುಡುಗಿ ಪೈಲಟ್ ತರಬೇತಿಗೆ ಅರ್ಜಿ ಹಾಕಿದರೆ, ನೀನು ಈಗಿರುವ ಕೆಲಸಕ್ಕೇ ಬೇಕಾದವಳು ಎಂದು ತಳ್ಳಿಹಾಕುತ್ತಾರೆ. ಈ ಉತ್ತರ ನಮಗೆ ಹೊಸದೇನಲ್ಲ. 'ನೀನು ಚೆನ್ನಾಗಿ ಗುಡಿಸ್ತೀಯಲ್ಲ, ಇನ್ಯಾಕೆ ಬೇರೆ ಕೆಲಸ?' ಎಂಬ ಮೆಚ್ಚುಗೆಯ ದನಿಯಲ್ಲೇ ಬಾಗಿಲು ಹಾಕುವುದನ್ನು ನಮ್ಮ ಕೇರಿಗಳು ಕೇಳಿವೆ. ವಿಮಾನವನ್ನು ರಿಪೇರಿ ಮಾಡುವ ಕೈಗೆ ಅದನ್ನು ಹಾರಿಸುವ ಹಕ್ಕಿಲ್ಲ ಎಂದರೆ ಏನರ್ಥ? ಧಾರಾವಾಹಿಯ ಆಕ್ಷನ್ ಎಲ್ಲ ವಿಮಾನದೊಳಗೆ ನಡೆಯುತ್ತದೆ. ಹಾಗಾಗಿ ಕತೆಯ ಆಕ್ಷನ್ನೇ ಮೀಸಲು ಜಾಗವಾಗಿದೆ ಎಂದರ್ಥ.

ಆದ್ದರಿಂದ ಈ ಕಂತಿನಲ್ಲಿ ಮುಖ್ಯ ಟೈರಲ್ ಯಂತ್ರದ ಹಿಡಿಯನ್ನು ಎಳೆದು ನಿಲ್ಲಿಸಿ ಮುಷ್ಕರ ಕರೆಯುವ ಗಳಿಗೆ ಯಾವ ವಿಮಾನ ಕಾಳಗಕ್ಕೂ ಕಡಿಮೆಯಿಲ್ಲ. ಅದು ಕ್ರಿಯೆ. ಮುಂದಿನದು ಗೊತ್ತಿರುವಂಥದ್ದೇ: ಸೇನಾಧಿಪತಿ ಅಡಾಮಾ ಅದನ್ನು ದಂಗೆ ಎನ್ನುತ್ತಾನೆ, ಟೈರಲ್‌ನ ಹೆಂಡತಿಯನ್ನೇ ಗೋಡೆಗೆ ನಿಲ್ಲಿಸಿ ಗುಂಡಿಕ್ಕುವುದಾಗಿ ಹೆದರಿಸುತ್ತಾನೆ, ಮುಷ್ಕರ ಮುರಿಯುತ್ತದೆ. ಮುರಿದ ಮೇಲೆ ಅಧ್ಯಕ್ಷೆ ಮಾತುಕತೆಗೆ ಕರೆದು ಸಂಘ ಕಟ್ಟಲು ಒಪ್ಪುತ್ತಾಳೆ, ಸೀಲಿಕ್ಸ್‌ಗೆ ತರಬೇತಿ ಸಿಗುತ್ತದೆ. ಹಕ್ಕು ಕೊನೆಗೆ ಕೃಪೆಯಾಗಿ ಬರುತ್ತದೆ. ಮುಂದೆ ಈ ಪ್ರಶ್ನೆ ಕತೆಯ ನಡುಮನೆಗೆ ಬರುವುದೂ ಇಲ್ಲ. ಧಾರಾವಾಹಿ ತನ್ನ ಪೈಲಟ್ಟುಗಳ ಒಳಸಂಕಟಕ್ಕೆ ಹಿಂತಿರುಗುತ್ತದೆ. ಒಂದು ಕಂತಿನ ಮಟ್ಟಿಗೆ ಕೆಳಗಿನವರನ್ನು ಒಳಗೆ ಕರೆದು ಕೂರಿಸಿ ಚಾ ಕೊಟ್ಟು ಕಳಿಸಿದ ಹಾಗೆ. ಸಮತೋಲನದ ಲೆಕ್ಕದಲ್ಲಿ ಇದೊಂದು ಅಚ್ಚುಕಟ್ಟಾದ ಕಂತು. ಪಾಲಿನ ಲೆಕ್ಕದಲ್ಲಿ ಬಾಕಿ ಹಾಗೇ ಇದೆ.

3

ಈಗ ಫೈಟೇ ಇಲ್ಲದ ಒಂದು ಕಂತಿಗೆ ಬರೋಣ. 'ಸ್ಟಾರ್ ಟ್ರೆಕ್: ಡೀಪ್ ಸ್ಪೇಸ್ ನೈನ್' (1993–1999) ಆ ಸರಣಿಗಳಲ್ಲಿ ಕಪ್ಪು ನಾಯಕನನ್ನು ಕೇಂದ್ರದಲ್ಲಿಟ್ಟ ಮೊದಲನೆಯದು, ಬಾಹ್ಯಾಕಾಶ ನಿಲ್ದಾಣದ ಒಡೆಯ ಸಿಸ್ಕೋ ಆಗಿ ನಟಿಸಿದವರು ಏವರಿ ಬ್ರೂಕ್ಸ್. 1998ರ 'ಫಾರ್ ಬಿಯಾಂಡ್ ದ ಸ್ಟಾರ್ಸ್' ಕಂತನ್ನು ನಿರ್ದೇಶಿಸಿದವರೂ ಅವರೇ. ಯುದ್ಧದಿಂದ ದಣಿದ ಸಿಸ್ಕೋ ಒಂದು ದರ್ಶನದಲ್ಲಿ 1953ರ ನ್ಯೂಯಾರ್ಕಿನ ಬೆನ್ನಿ ರಸೆಲ್ ಆಗುತ್ತಾನೆ. ಬೆನ್ನಿ ವಿಜ್ಞಾನ ಕತೆಗಳ ಪತ್ರಿಕೆಯೊಂದರ ಬರಹಗಾರ. ಓದುಗರಿಗೆ ಲೇಖಕರ ಫೋಟೋ ತೋರಿಸುವ ದಿನ ನೀನು ಬರಬೇಡ ಎಂದು ಸಂಪಾದಕ ಅವನಿಗೆ ಹೇಳುತ್ತಾನೆ. ಬೆನ್ನಿ ಒಂದು ಕತೆ ಬರೆಯುತ್ತಾನೆ: ಬಾಹ್ಯಾಕಾಶ ನಿಲ್ದಾಣದ ಕಪ್ಪು ನಾಯಕನ ಕತೆ. ಅದು ಅಚ್ಚಾಗುವುದಿಲ್ಲ. ಕೊನೆಗೆ ಇದೆಲ್ಲ ಒಬ್ಬ ಬಡಪಾಯಿ ಕಪ್ಪು ಹುಡುಗನ ಕನಸು ಎಂದು ತಿದ್ದಿದರೆ ಹಾಕಬಹುದು ಎಂಬ ರಾಜಿಗೆ ಬರುತ್ತಾರೆ. ಆಮೇಲೂ ಮಾಲೀಕ ಆ ಸಂಚಿಕೆಯನ್ನೇ ನಾಶಮಾಡಿಸಿ ಬೆನ್ನಿಯನ್ನು ಕೆಲಸದಿಂದ ತೆಗೆಯುತ್ತಾನೆ. ಈ ನಡುವೆ ಬೀದಿಯಲ್ಲಿ ಪೊಲೀಸರು ಪರಿಚಯದ ಹುಡುಗನೊಬ್ಬನನ್ನು ಗುಂಡಿಟ್ಟು ಕೊಲ್ಲುತ್ತಾರೆ, ಕೇಳಲು ಹೋದ ಬೆನ್ನಿಯನ್ನು ಬಡಿಯುತ್ತಾರೆ.

ಇದನ್ನು ತರಗತಿಯಲ್ಲಿ ತೋರಿಸಿದಾಗ ಒಬ್ಬ ಹುಡುಗ ಕೇಳಿದ: 'ಮೇಡಂ, ಇದ್ರಲ್ಲಿ ಫೈಟೇ ಇಲ್ವಲ್ಲ?' ಅವನ ಪಕ್ಕದ ಹುಡುಗಿ ಹೇಳಿದಳು: 'ಇದೆಯಲ್ಲೋ, ಒಂದೇ ಕಡೆಯವರು ಹೊಡೀತಾರೆ.' ಈ ಮಾತಿನಲ್ಲಿ ಒಂದು ಪ್ರಬಂಧಕ್ಕಾಗುವಷ್ಟು ವಿಮರ್ಶೆಯಿದೆ. ತಿರುಗಿ ಹೊಡೆಯುವ ಅವಕಾಶವೇ ಇಲ್ಲದವನಿಗೆ ಫೈಟು ಇರುವುದಿಲ್ಲ, ಏಟು ಮಾತ್ರ ಇರುತ್ತದೆ. ಬೆನ್ನಿಗೆ ಉಳಿದ ಕ್ರಿಯೆ ಬರವಣಿಗೆ. ಅವನು ಕೇಳುತ್ತಿರುವುದೂ ಏನು? ತನ್ನಂಥವನೊಬ್ಬ ಸಾಹಸದ ಕತೆಗೆ ನಾಯಕನಾಗಲಿ ಎಂದು. 'ಇಂಥವರ ಸಂಕಟ ಬರಿ, ಓದ್ತೀವಿ. ಇಂಥವರು ಆಳುವುದನ್ನು ಬರೀಬೇಡ' ಎಂಬುದು ಪತ್ರಿಕೆಯ ಧೋರಣೆ. ಇದು ಬರೀ ಕಲ್ಪನೆಯೂ ಅಲ್ಲ. ಕಪ್ಪು ಲೇಖಕ ಸ್ಯಾಮುಯೆಲ್ ಡಿಲೇನಿ ತಮ್ಮ 'ನೋವಾ' ಕಾದಂಬರಿಯನ್ನು ಧಾರಾವಾಹಿಯಾಗಿ ಪ್ರಕಟಿಸಲು 1967ರಲ್ಲಿ ಕಳಿಸಿದಾಗ, ಸಂಪಾದಕ ಜಾನ್ ಕ್ಯಾಂಪ್‌ಬೆಲ್, ಕಪ್ಪು ನಾಯಕನನ್ನು ಒಪ್ಪಲು ಓದುಗರು ಸಿದ್ಧರಿಲ್ಲವೆಂಬ ಕಾರಣ ಕೊಟ್ಟು ನಿರಾಕರಿಸಿದ್ದನ್ನು ದಾಖಲಿಸಿದ್ದಾರೆ.

ಹಾಗಾಗಿ ಆಕ್ಷನ್ ಕೀಳು, ಪಾತ್ರ ಮೇಲು ಎಂಬ ಶಿಷ್ಟರ ರುಚಿಯನ್ನು ನಾವು ಸುಮ್ಮನೆ ಒಪ್ಪಬಾರದು. ಸಾಹಸ ಕೂಡ ಕಿತ್ತುಕೊಂಡ ಹಕ್ಕುಗಳಲ್ಲಿ ಒಂದು.

4

ಏಟು ತಿಂದವರು ಸಾಹಸವನ್ನು ಮರಳಿ ಪಡೆಯುವ ಬಗೆಯನ್ನು 2022ರ 'ಆಂಡೋರ್' ತೋರಿಸುತ್ತದೆ. ಟೋನಿ ಗಿಲ್ರಾಯ್ ಕಟ್ಟಿದ ಈ ಧಾರಾವಾಹಿಯ ಎಂಟರಿಂದ ಹತ್ತನೇ ಕಂತುಗಳು ನಾರ್ಕಿನಾ ಎಂಬ ಸೆರೆಮನೆಯಲ್ಲಿ ನಡೆಯುತ್ತವೆ. ಕೈದಿಗಳೆಲ್ಲ ಬರಿಗಾಲಲ್ಲಿರಬೇಕು; ನೆಲಕ್ಕೆ ವಿದ್ಯುತ್ ಹರಿಸಿ ಹದ್ದುಬಸ್ತಿನಲ್ಲಿಡುತ್ತಾರೆ. ಹನ್ನೆರಡು ಗಂಟೆಯ ಪಾಳಿ. ಏನೋ ಒಂದು ಯಂತ್ರದ ಬಿಡಿಭಾಗ ಜೋಡಿಸುತ್ತಾರೆ, ಯಾತಕ್ಕೆಂದು ಗೊತ್ತಿಲ್ಲ. ಮೇಜು ಮೇಜಿಗೆ ಸ್ಪರ್ಧೆ: ಹಿಂದೆ ಬಿದ್ದ ಮೇಜಿಗೆ ವಿದ್ಯುತ್ ಶಾಕ್, ಮುಂದೆ ಬಂದ ಮೇಜಿನವರ ಊಟಕ್ಕೆ ಒಂದಿಷ್ಟು ರುಚಿ. ಕೆಳಗಿನವರನ್ನು ಕೆಳಗಿನವರ ಮೇಲೇ ಎತ್ತಿಕಟ್ಟುವ ಈ ಏಣಿಶ್ರೇಣಿ ನಮಗೆ ಬಿಡಿಸಿ ಹೇಳಬೇಕಾದ್ದಲ್ಲ.

ಕೀನೋ ಲಾಯ್ ಎಂಬ ಮೇಸ್ತ್ರಿ ಕೈದಿ ಇದ್ದಾನೆ. ಆಂಡಿ ಸರ್ಕಿಸ್ ಮಾಡಿದ ಪಾತ್ರ. ತನ್ನ ಬಿಡುಗಡೆಗೆ ಉಳಿದ ದಿನ ಎಣಿಸುತ್ತ, ಯಾರೂ ಬಾಲ ಬಿಚ್ಚದಂತೆ ನೋಡಿಕೊಳ್ಳುವವನು. ಕಾವಲುಗಾರರು ಎಷ್ಟು ಜನ ಎಂದು ಕ್ಯಾಸಿಯನ್ ಆಂಡೋರ್ ಪದೇ ಪದೇ ಕೇಳಿದರೂ ಬಾಯಿ ಬಿಡುವುದಿಲ್ಲ. ಬಿಡುಗಡೆಯೇ ಸುಳ್ಳು, ಅವಧಿ ಮುಗಿದವರನ್ನು ಇನ್ನೊಂದು ಅಂತಸ್ತಿಗೆ ತಳ್ಳುತ್ತಾರೆ ಅಷ್ಟೆ ಎಂದು ತಿಳಿದ ರಾತ್ರಿ ಅವನು ಉತ್ತರ ಕೊಡುತ್ತಾನೆ: ಹನ್ನೆರಡಕ್ಕಿಂತ ಹೆಚ್ಚಿಲ್ಲ. ಒಂಬತ್ತನೇ ಕಂತು ಅಲ್ಲಿಗೆ ಮುಗಿಯುತ್ತದೆ. ಒಂದು ಗುಂಡೂ ಹಾರಿಲ್ಲ. ಆದರೆ ದಂಗೆ ಆಗಿಹೋಗಿದೆ.

ಹತ್ತನೇ ಕಂತಿನ ಹೊಡೆದಾಟ ದುಡಿಮೆಯೊಳಗಿಂದಲೇ ಎದ್ದು ಬರುತ್ತದೆ. ದಿನದಿನವೂ ಕದ್ದು ಕೊರೆದ ನೀರಿನ ಕೊಳವೆಯನ್ನು ಒಡೆದು ನೆಲದ ವಿದ್ಯುತ್ತನ್ನು ಕೆಡಿಸುತ್ತಾರೆ; ತಾವೇ ಜೋಡಿಸಿದ ಭಾಗಗಳನ್ನು, ಹತಾರಗಳನ್ನು ಎತ್ತಿ ಎಸೆಯುತ್ತಾರೆ. ಇವರಿಗೆ ಈ ಜಾಗದ ಸಂದುಗೊಂದು ಗೊತ್ತಿರುವುದು ಇಲ್ಲಿ ದುಡಿದದ್ದರಿಂದ. ಹಿಂದಿನ ಎರಡು ಕಂತು ದುಡಿಮೆಯನ್ನು ಅಷ್ಟು ನಿಧಾನವಾಗಿ ತೋರಿಸಿರದಿದ್ದರೆ ಈ ಫೈಟು ಬರೀ ಗದ್ದಲವಾಗುತ್ತಿತ್ತು. ಆಮೇಲೆ ಕೀನೋ ಮೈಕಿನ ಮುಂದೆ ನಿಂತು, ಮೊದಲು ತಡವರಿಸಿ, ಇಡೀ ಸೆರೆಮನೆಯನ್ನು ಎಬ್ಬಿಸುತ್ತಾನೆ. ಆಜ್ಞೆ ಕೂಗಿ ಪಳಗಿದ ಗಂಟಲು ಈಗ ಇನ್ನೊಂದಕ್ಕೆ ಬಳಕೆಯಾಗುತ್ತದೆ. ಹೊರಗೆ ಬಂದರೆ ಸುತ್ತ ನೀರು. ಎಲ್ಲರೂ ಧುಮುಕುತ್ತಿದ್ದಾರೆ. ನನಗೆ ಈಜು ಬರಲ್ಲ ಅಂತಾನೆ ಕೀನೋ.

ಬರಹಗಾರರ ಜಾಣತನ ಇಲ್ಲಿದೆ, ನನ್ನ ತಕರಾರೂ ಇಲ್ಲಿದೆ. ಬಾಗಿಲು ತೆರೆದವನೇ ಹೊರಗೆ ಹೋಗಲಾರ ಎಂಬುದು ಎದೆಗೆ ನಾಟುತ್ತದೆ. ಆದರೆ ನಾಯಕ ಕ್ಯಾಸಿಯನ್ ಪಾರಾಗುತ್ತಾನೆ. ಕೀನೋ ಏನಾದ ಎಂದು ಕತೆ ಹೇಳುವುದಿಲ್ಲ, 2025ರ ಎರಡನೇ ಭಾಗಕ್ಕೂ ಅವನು ಬರುವುದಿಲ್ಲ. ಕೆಂಪಂಗಿಯವನಿಗೆ ಈಗ ಹೆಸರು ಬಂದಿದೆ, ಒಳಮನಸ್ಸು ಬಂದಿದೆ, ಮಾತೂ ಬಂದಿದೆ. ನಾಳೆ ಮಾತ್ರ ಬಂದಿಲ್ಲ. ದಂಗೆಯ ಈ ಕತೆಯನ್ನು ನಮಗೆ ಮಾರುತ್ತಿರುವುದು ಡಿಸ್ನಿಯಂಥ ದೈತ್ಯ ಕಂಪನಿ ಎಂಬುದನ್ನೂ ಪಕ್ಕದಲ್ಲಿಟ್ಟುಕೊಂಡೇ ನೋಡಬೇಕು.

5

ಈ ಚರ್ಚೆ ನಮ್ಮ ಮನೆಯದೂ ಹೌದು. 1979ರಲ್ಲಿ ಬಂಡಾಯ ಸಾಹಿತ್ಯ ಸಂಘಟನೆ ಹುಟ್ಟಿದ ಕಾಲದಿಂದ ನಮ್ಮ ಬರವಣಿಗೆಯ ಮೇಲೆ ಒಂದು ದೂರು ಇದ್ದೇ ಇದೆ: ಘೋಷಣೆ ಹೆಚ್ಚು, ಪಾತ್ರ ಕಡಿಮೆ, ಸಿಟ್ಟು ಹೆಚ್ಚು, ಕಲೆ ಕಡಿಮೆ. ಇದೂ ಸಮತೋಲನದ ಸೂತ್ರವೇ. ಹಾಗೆಂದು ಎಲ್ಲ ಘೋಷಣೆಯೂ ಕಲೆ ಎಂದು ನಾನು ವಾದಿಸುವುದಿಲ್ಲ. ಕೀನೋವಿನ ಭಾಷಣ ನಾಟುವುದು ಎರಡು ಕಂತುಗಳ ಕಾಲ ಅವನ ಮೌನವನ್ನು ನಾವು ಕೇಳಿಸಿಕೊಂಡದ್ದರಿಂದ. ಕೂಗು ಎಲ್ಲಿಂದ ಬಂತು ಎಂದು ತೋರಿಸುವ ಹೊಣೆ ಬರೆಯುವವನದು, ಬರೆಯುವವಳದು. ಅದನ್ನು ಕೇಳಿಸಿಕೊಳ್ಳುವ ತಾಳ್ಮೆ ವಿಮರ್ಶಕರದು.

ಇನ್ನು ನಾಳೆಯ ಕತೆ. 2023ರ ಆಗಸ್ಟಿನಲ್ಲಿ ಚಂದ್ರಯಾನ ಇಳಿದದ್ದನ್ನು ಬೆಂಗಳೂರಿನಿಂದ ನಿಯಂತ್ರಿಸಿದೆವು ಎಂದು ಹೆಮ್ಮೆಪಟ್ಟೆವು, ಪಡಬೇಕಾದ್ದೇ. ಮಲ ಹೊರುವುದನ್ನು ನಿಷೇಧಿಸಿ 1993ರಲ್ಲಿ ಒಂದು, 2013ರಲ್ಲಿ ಇನ್ನೊಂದು ಕಾನೂನು ಬಂದ ಮೇಲೂ ಮ್ಯಾನ್‌ಹೋಲಿಗೆ ಇಳಿದವರು ಸತ್ತಿರುವುದೂ ಇದೇ ನಾಡಿನಲ್ಲಿ. ಕನ್ನಡದಲ್ಲಿ ಯಾರಾದರೂ ಆಕಾಶನೌಕೆಯ ಕತೆ ಬರೆದರೆ ನಾನು ಮೊದಲು ಕೇಳುವುದು: ಆ ನೌಕೆಯ ಕಕ್ಕಸು ಯಾರು ತೊಳೀತಾರೆ? ಎರಡನೆಯದು: ಅವರಿಗೆ ಇಂಜಿನ್ನಿನ ಬಗ್ಗೆ ಏನು ಗೊತ್ತು? ಮೂರನೆಯದು: ಕತೆ ಮುಗಿದಾಗ ಅವರು ಬದುಕಿದ್ದಾರಾ?

ಇಂಥ ಕತೆ ಬರೆಯಬಲ್ಲವರು ನಮ್ಮ ಹಾಸ್ಟೆಲುಗಳಲ್ಲಿದ್ದಾರೆ. ನೋವು ಬರೆಯಿರಿ ಎಂದು ಅವರಿಗೆ ಹೇಳುವವರು ಬೇಕಾದಷ್ಟು ಜನ ಇದ್ದಾರೆ. ಅವರು ಒಂದು ಜಗಜಟ್ಟಿ ಸಾಹಸದ ಕತೆ ಬರೆದು ತಂದರೆ, ಫೈಟು ಜಾಸ್ತಿಯಾಯ್ತು ಎಂದು ನಮ್ಮ ಸಂಪಾದಕ ಮಿತ್ರರು ಹಿಂದಕ್ಕೆ ಕಳಿಸದಿರಲಿ.