ಬಿದರಿಯ ಕಪ್ಪು, ಖಾದ್ರಿಯವರ ಕೈ

ನಮ್ಮ ಕಮಲನಗರದ ಕಡೆ ಸನ್ಮಾನ ಎಂದರೆ ಶಾಲು, ಹಾರ, ಜೊತೆಗೊಂದು ಬಿದರಿ ಕಾಣಿಕೆ, ಅಂದರೆ ಬೆಳ್ಳಿ ಕೂರಿಸಿದ ಕಪ್ಪು ಲೋಹದ ವಸ್ತು. ಮನೆಗೆ ತಂದು ಶೋಕೇಸಿನಲ್ಲಿಟ್ಟ ಮೇಲೆ ಅದನ್ನು ಯಾರೂ ಕೈಗೆತ್ತಿಕೊಂಡು ನೋಡುವುದಿಲ್ಲ. ಬೀದರಿನ ಬಿದರಿ ಕಲಾವಿದ ಶಾ ರಶೀದ್ ಅಹ್ಮದ್ ಖಾದ್ರಿ ಅವರ ಕೆಲಸವನ್ನು ಒಮ್ಮೆ ನಿಧಾನವಾಗಿ ನೋಡಿದವರಿಗೆ ಆ ಕಾಣಿಕೆಯಲ್ಲಿ ಏನು ಕಳೆದುಹೋಗಿದೆ ಎಂಬುದು ತಿಳಿಯುತ್ತದೆ.

ಬಿದರಿಯಲ್ಲಿ ಕಣ್ಣಿಗೆ ಬೀಳುವುದು ಬೆಳ್ಳಿ. ಕಲೆಯ ಜೀವ ಇರುವುದು ಕಪ್ಪಿನಲ್ಲಿ. ಆ ಕಪ್ಪು ಬಳಿದ ಬಣ್ಣವಲ್ಲ. ಸತುವಿಗೆ ಸ್ವಲ್ಪ ತಾಮ್ರ ಬೆರೆಸಿ ಎರಕ ಹೊಯ್ದು, ಅರದಿಂದ ಉಜ್ಜಿ, ಮೈಲುತುತ್ತದ ನೀರು ಸವರುತ್ತಾರೆ. ಸದ್ಯಕ್ಕೆ ಕಪ್ಪಾದ ಆ ಮೈಮೇಲೆ ಚೂಪು ಮೊನೆಯಿಂದ ಹೂಬಳ್ಳಿ ಬರೆದು, ಉಳಿಯಿಂದ ಕೊರೆದು, ಬೆಳ್ಳಿ ತಂತಿಯನ್ನು ಬಡಿದು ಕೂರಿಸುತ್ತಾರೆ. ಮತ್ತೆ ಉಜ್ಜಿದರೆ ಸತುವೂ ಬೆಳ್ಳಿಯೂ ಹೆಚ್ಚುಕಡಿಮೆ ಒಂದೇ ಬಣ್ಣ, ಚಿತ್ತಾರ ಮಾಯ! ಕೊನೆಗೆ ಬಿಸಿ ಮಾಡಿ, ಬೀದರ್ ಕೋಟೆಯ ಹಳೇ ಮಣ್ಣು, ನವಸಾಗರ ಕದಡಿದ ನೀರು ತಾಗಿಸಿದಾಗ ಸತು ಕರ್ರಗಾಗುತ್ತದೆ, ಬೆಳ್ಳಿ ಹಾಗೇ ಉಳಿಯುತ್ತದೆ. ಬಿಸಿಲು ಮಳೆ ಕಾಣದ ಮಣ್ಣೇ ಬೇಕು. ಕಸುಬುದಾರರು ಅದನ್ನು ನಾಲಿಗೆಗೆ ಹಚ್ಚಿ ಗುಣ ತಿಳಿಯುತ್ತಾರೆ.

ತಂದೆಯಿಂದ ಈ ಕಸುಬು ಕಲಿತು, ಅನೇಕರಿಗೆ ಕಲಿಸಿದ ಖಾದ್ರಿಯವರಿಗೆ 2023ರಲ್ಲಿ ಪದ್ಮಶ್ರೀ ಬಂತು. ನನ್ನ ಮಟ್ಟಿಗೆ ಅವರ ಹೆಚ್ಚುಗಾರಿಕೆ ಬಳ್ಳಿಯ ಸೂಕ್ಷ್ಮತೆಯಲ್ಲಷ್ಟೇ ಇಲ್ಲ, ಸುತ್ತಲಿನ ಕಪ್ಪಿಗೆ ಕೊಟ್ಟ ಮರ್ಯಾದೆಯಲ್ಲಿದೆ. ಎಲ್ಲಿ ಬೆಳ್ಳಿ ಇಡಬಾರದು ಎಂಬುದನ್ನು ಬಲ್ಲ ಕೈ ಅದು. ಈ ತಿಳಿವಳಿಕೆ ಪುಸ್ತಕದಿಂದ ಬರುವಂಥದ್ದಲ್ಲ, ಗುರುವಿನ ಪಕ್ಕ ಕುಳಿತು ವರ್ಷಗಟ್ಟಲೆ ಉಳಿ ಹಿಡಿದೇ ಬರಬೇಕು.

ಈ ಕಲೆಯ ಇಂದಿನ ಕೊರತೆಯನ್ನೂ ಹೇಳಲೇಬೇಕು. ಬಿದರಿಯ ಹುಕ್ಕಾ, ಸುರಾಹಿ, ಪಾನ್‌ದಾನಗಳ ಬಳಕೆ ಹೋಯಿತು. ಅವುಗಳ ಜೊತೆಗೆ ಕಣ್ಣು ವಿಶ್ರಮಿಸುವಷ್ಟು ಅಗಲವಾದ ಕಪ್ಪು ಮೈಯೂ ಹೋಯಿತು. ಕೀಚೈನು, ಪೆನ್‌ಡ್ರೈವುಗಳ ಮೇಲೆ ಬಳ್ಳಿಗೆ ಉಸಿರಾಡಲು ಜಾಗವಿಲ್ಲ. ಹೊಟ್ಟೆಪಾಡಿಗೆ ಅವನ್ನು ಮಾಡುವವರ ತಪ್ಪು ಇದರಲ್ಲಿಲ್ಲ. ತಪ್ಪು ಅಗ್ಗದ್ದನ್ನೇ ಕೇಳುವ ನಮ್ಮದು. ಹೊಸ ಕಾಲಕ್ಕೆ ತಕ್ಕ ದೊಡ್ಡ ಆಕಾರವನ್ನು ಬಿದರಿ ಇನ್ನೂ ಕಂಡುಕೊಂಡಿಲ್ಲ. ನುರಿತ ವಿನ್ಯಾಸಕಾರರು ಕಸುಬುದಾರರ ಪಕ್ಕ ಕೂರದೆ ಅದು ಆಗುವುದೂ ಇಲ್ಲ.

ಬಿದರಿಗೆ ಸಿಕ್ಕ ಭೌಗೋಳಿಕ ಸೂಚಿಕೆ (ಜಿಐ) ಮಾನ್ಯತೆ ಊರಿನ ಹೆಸರನ್ನು ಕಾಪಾಡಿತು, ಮಾಡಿದವರ ಹೆಸರನ್ನಲ್ಲ. ಭಾಲ್ಕಿ, ಔರಾದ್, ಕಮಲನಗರದ ಸಂಘ ಸಂಸ್ಥೆಯವರಲ್ಲಿ ನನ್ನ ವಿನಂತಿ ಇಷ್ಟೇ: ಮುಂದಿನ ಸನ್ಮಾನಕ್ಕೆ ಬಿದರಿ ತರಿಸುವಾಗ, ಅದರ ತಳದಲ್ಲಿ ಮಾಡಿದವರ ಹೆಸರು ಕೊರೆಸಿ ತನ್ನಿ.